ಬೈಲಿನ ಹಂದಿಗೆ ಮ್ಯಾಗ್ನಮ್ ಕಾಡತೂಸು: ಕಾಸರಗೋಡಿನ ಒಂದು ಪ್ರಕರಣ ಅಧ್ಯಯನ

ಪ್ರಕರಣದ ಹಿನ್ನೆಲೆ

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಗ್ರಾಮ ಪಂಚಾಯತುಗಳು ಕರ್ನಾಟಕದ ಗಡಿಗೆ ತಾಗಿಕೊಂಡಿರುವ ಪಟ್ಟಿಯಲ್ಲಿ ಕಾಡುಹಂದಿಯ ಕಾಟವಿಲ್ಲದ ಕೃಷಿ ಕುಟುಂಬವನ್ನು ಹುಡುಕುವುದು ಕಷ್ಟ. ಈ ಅಧ್ಯಯನಕ್ಕೆ ವಸ್ತುವಾದ ಕುಟುಂಬವೂ ಅಂಥದ್ದೇ. ಬೈಲಿನಲ್ಲಿ ಅಡಿಕೆ, ಅದರ ನಡುವೆ ಬಾಳೆ, ಕೊಕ್ಕೊ, ಕಾಳುಮೆಣಸು. ಬರೆಯ ಮೇಲಿನ ತಟ್ಟುಗಳಲ್ಲಿ ಮರಗೆಣಸು ಮತ್ತು ಸುವರ್ಣಗೆಡ್ಡೆ. ಅದಕ್ಕೂ ಮೇಲೆ ಗೇರು, ನೆರೆಯವರ ರಬ್ಬರು. ಎಲ್ಲಕ್ಕೂ ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಬೋಳು ಗುಡ್ಡ. ಹಂದಿಗಳು ರಾತ್ರಿ ಗುಡ್ಡದ ಕಡೆಯಿಂದ ಇಳಿದು ಗೆಡ್ಡೆಯನ್ನು ಅಗೆದು ತಿಂದು, ಎಳೆಯ ಅಡಿಕೆ ಸಸಿಗಳನ್ನು ಬುಡಸಹಿತ ಮಗುಚಿ, ಬೆಳಗಾಗುವ ಮೊದಲು ಹಿಂದಿರುಗುತ್ತವೆ.

ಈ ಕುಟುಂಬದ ಹಿರಿಯ ಮಗನ ಹೆಸರಿನಲ್ಲಿ ತಂದೆಯ ಕಾಲದ ಜೋಡುನಳಿಗೆಯ ಹನ್ನೆರಡು ಬೋರಿನ ಕೋವಿಯೊಂದರ ಲೈಸೆನ್ಸ್ ಇದೆ. ಕೃಷಿಗೆ ಹಾನಿ ಮಾಡುವ ಹಂದಿಗಳನ್ನು ಕೊಲ್ಲಲು ಆದೇಶ ನೀಡುವ ಅಧಿಕಾರವನ್ನು 2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟ ಮೇಲೆ ಅವರ ಹೆಸರು ಪಂಚಾಯತಿನ ಕೋವಿದಾರರ ಪಟ್ಟಿಗೆ ಸೇರಿತು. ಕಿರಿಯ ಮಗ ಮೆಕ್ಯಾನಿಕಲ್ ಇಂಜಿನಿಯರ್. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ವಾಸ. ಅಲ್ಲಿ ಲೈಸೆನ್ಸ್ ಪಡೆದು ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬೇಟೆಯಾಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ತಮ್ಮ ರೈಫಲಿಗೆ ಬೇಕಾದ ಕಾಡತೂಸನ್ನು ತಾವೇ ವಿನ್ಯಾಸ ಮಾಡಿ ತಯಾರಿಸುವುದು ಅವರ ಹವ್ಯಾಸ. ಊರಿಗೆ ಬಂದಿದ್ದಾಗ ಅಗೆದು ಹಾಕಿದ ಮರಗೆಣಸಿನ ತಟ್ಟನ್ನೂ, ಗಾಯಗೊಂಡು ತಪ್ಪಿಸಿಕೊಂಡ ಹಂದಿಯ ರಕ್ತದ ಜಾಡನ್ನೂ ನೋಡಿದ ಅವರು, ಈ ಹಳೆಯ ಕೋವಿಯನ್ನು ಬಿಟ್ಟು ಮ್ಯಾಗ್ನಮ್ ರೈಫಲಿಗೆ ಅರ್ಜಿ ಹಾಕಬೇಕೆಂದೂ, ಈ ನೆಲಕ್ಕೆ ಹೊಂದುವ ಕಾಡತೂಸನ್ನು ತಾವು ವಿನ್ಯಾಸ ಮಾಡಿಕೊಡುವುದಾಗಿಯೂ ಅಣ್ಣನಿಗೆ ಹೇಳಿದರು. ಅಣ್ಣನಿಗೆ ಅರ್ಧ ಮನಸ್ಸು. ಕೋವಿ ಮತ್ತು ಕಾಡತೂಸುಗಳ ಯಂತ್ರಶಾಸ್ತ್ರದಲ್ಲಿ ನನಗೆ ಮೊದಲಿನಿಂದಲೂ ಆಸಕ್ತಿ ಇರುವುದು ಇಬ್ಬರಿಗೂ ತಿಳಿದಿದ್ದರಿಂದ, ಪ್ರಸ್ತಾಪವನ್ನು ಪರಿಶೀಲಿಸಿ ಅಭಿಪ್ರಾಯ ಹೇಳಬೇಕೆಂದು ಕೇಳಿಕೊಂಡರು. ಆ ಪರಿಶೀಲನೆಯ ವಿವರವೇ ಈ ಬರಹ.

ತಮ್ಮನ ಕಾಡತೂಸು

ಪ್ರಸ್ತಾಪವನ್ನು ತೂಗುವ ಮೊದಲು ಅದರ ಹಿಂದಿರುವ ವಿದ್ಯೆಯನ್ನು ತಿಳಿಯುವುದು ನ್ಯಾಯ, ಏಕೆಂದರೆ ಅದು ಹುಡುಗಾಟದ ವಿದ್ಯೆಯಲ್ಲ. ಕಾಡತೂಸು ಎಂದರೆ ಹಿತ್ತಾಳೆಯ ಕೇಸು, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಅದೇ ವ್ಯಾಸದ ಸಾಮಾನ್ಯ ಕಾಡತೂಸಿಗಿಂತ ದೊಡ್ಡ ಕೇಸು, ಹೆಚ್ಚು ಮದ್ದು, ಹೆಚ್ಚು ವೇಗ ಇರುವುದನ್ನು ಮ್ಯಾಗ್ನಮ್ ಎನ್ನುತ್ತಾರೆ. ರೈಫಲ್ ಲೋಕದಲ್ಲಿ ಈ ಹೆಸರನ್ನು ನೆಲೆಗೊಳಿಸಿದ್ದು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆ 1912ರಲ್ಲಿ ತಂದ .375 ಮ್ಯಾಗ್ನಮ್ (ಈ ಅಂಕೆ ಇಂಚಿನಲ್ಲಿ ಗುಂಡಿನ ವ್ಯಾಸ). ಅದರ ಕೇಸಿನ ಹೆಗಲು, ಅಂದರೆ ಕುತ್ತಿಗೆಗೆ ಕಿರಿದಾಗುವ ಭಾಗ, ತೀರ ಇಳಿಜಾರಾದ್ದರಿಂದ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಗೂಡಿನಲ್ಲಿ, ಅದು ಎಲ್ಲಿಗೆ ನಿಲ್ಲಬೇಕು ಎಂಬುದನ್ನು ನಿರ್ಧರಿಸಲು ತಳದ ಸುತ್ತ ಒಂದು ಉಬ್ಬಿದ ಪಟ್ಟಿಯನ್ನು ಇಟ್ಟರು. 1962ರ 7 ಮಿ.ಮೀ. ರೆಮಿಂಗ್ಟನ್ ಮ್ಯಾಗ್ನಮ್, 1963ರ .300 ವಿಂಚೆಸ್ಟರ್ ಮ್ಯಾಗ್ನಮ್ ಮುಂತಾದವು ಆ ಪಟ್ಟಿಯನ್ನು ಅಗತ್ಯವಿಲ್ಲದಿದ್ದರೂ ವಂಶದ ಗುರುತಿನಂತೆ ಉಳಿಸಿಕೊಂಡವು. ಇತ್ತೀಚೆಗೆ, 2018ರಲ್ಲಿ ಬಂದ .300 ಪಿಆರ್‌ಸಿಯಂಥ ವಿನ್ಯಾಸಗಳು ಅದನ್ನು ಬಿಟ್ಟಿವೆ.

ಮ್ಯಾಗ್ನಮಿನ ಪೂರ್ವಕಥೆಯಲ್ಲಿ ನಮ್ಮ ದೇಶಕ್ಕೂ ಪಾಲಿದೆ. ಹಳೆಯ ಕಾರ್ಡೈಟ್ ಮದ್ದು ಬಿಸಿಲಿಗೆ ಕಾದರೆ ಒತ್ತಡ ಏರುತ್ತಿತ್ತು. ಉಬ್ಬಿದ ಕೇಸು ಚೇಂಬರಿಗೆ ಕಚ್ಚಿಕೊಂಡು ಹೊರಬರುತ್ತಿರಲಿಲ್ಲ. ಭಾರತ ಮತ್ತು ಆಫ್ರಿಕದ ಸೆಕೆಗಾಗಿ 1911ರ .416 ರಿಗ್ಬಿಯಂಥ ಕಾಡತೂಸುಗಳಿಗೆ ಬೇಕೆಂದೇ ವಿಶಾಲವಾದ ಕೇಸು ಕೊಟ್ಟು ಒತ್ತಡವನ್ನು ತಗ್ಗಿಸಿದರು. 1907ರಲ್ಲಿ ಬ್ರಿಟಿಷ್ ಸರಕಾರ ಭಾರತದಲ್ಲಿ .450 ವ್ಯಾಸದ ರೈಫಲುಗಳನ್ನು ನಿಷೇಧಿಸಿದಾಗ .465, .470 ಮುಂತಾದ ಹೊಸ ಅಳತೆಗಳು ಹುಟ್ಟಿಕೊಂಡವು. ನಿಷೇಧಕ್ಕೆ ಕಾರಣ ಮಾರ್ಟಿನಿ-ಹೆನ್ರಿ ಸೈನಿಕ ರೈಫಲಿಗೆ ಹೊಂದುವ ಗುಂಡು ದಂಗೆಕೋರರ ಕೈಸೇರೀತೆಂಬ ಭಯ. ಹವೆಯೂ ಕಾನೂನೂ ಕಾಡತೂಸಿನ ಆಕಾರವನ್ನು ತಿದ್ದಿದ್ದು ಇದೇ ಮೊದಲಲ್ಲ ಎಂದು ತಮ್ಮನಿಗೆ ನೆನಪಿಸಲು ಈ ಮಾತು ಉಪಯೋಗಕ್ಕೆ ಬಂತು.

ಅವರ ಕಾಡತೂಸು .300 ವಿಂಚೆಸ್ಟರ್ ಮ್ಯಾಗ್ನಮಿನ ಕೇಸಿನ ಕುತ್ತಿಗೆಯನ್ನು 7 ಮಿ.ಮೀ. ಗುಂಡಿಗೆ ಇಳಿಸಿದ್ದು. ಯಾವ ಕಾರ್ಖಾನೆಯ ಪ್ರಮಾಣಪಟ್ಟಿಯಲ್ಲೂ ಇಲ್ಲದ ಇಂಥವನ್ನು ಆ ದೇಶದ ಹವ್ಯಾಸಿಗಳು ವೈಲ್ಡ್‌ಕ್ಯಾಟ್ ಎನ್ನುತ್ತಾರೆ. ಅವರು ಕೆಲಸ ಶುರುಮಾಡಿದ್ದು ಗುಂಡಿನಿಂದ. ಗಾಳಿಯನ್ನು ಸೀಳುವ ಉದ್ದನೆಯ, ಸುಮಾರು 11.7 ಗ್ರಾಂ ತೂಕದ ಗುಂಡನ್ನು ಆರಿಸಿದರು. ಅಷ್ಟು ಉದ್ದದ ಗುಂಡು ತೂರಾಡದೆ ಹೋಗಬೇಕಾದರೆ ನಳಿಗೆಯ ಒಳಗೆ ಗುಂಡನ್ನು ಗಿರಗಿರನೆ ತಿರುಗಿಸುವ ತಿರುಪಿನ ಗೀರು ಬಿಗಿಯಾಗಿರಬೇಕು. ಹಳೆಯ 7 ಮಿ.ಮೀ. ಮ್ಯಾಗ್ನಮುಗಳಲ್ಲಿ 9 ಅಥವಾ 9.5 ಇಂಚಿಗೆ ಒಂದು ಸುತ್ತು ಇದ್ದರೆ, ಇವರು 8 ಇಂಚಿಗೆ ಒಂದು ಸುತ್ತಿನ ನಳಿಗೆ ತರಿಸಿದರು. ಆಮೇಲೆ ಗುಂಡು ಮದ್ದಿನ ಜಾಗವನ್ನು ನುಂಗದಂತೆ ಚೇಂಬರಿನ ಮುಂದಿನ ಗಂಟಲನ್ನು ಉದ್ದ ಮಾಡುವ ರೀಮರ್ ಎಂಬ ಕೊರೆಯುವ ಸಾಧನ, ಕೇಸನ್ನು ಆ ಅಳತೆಗೆ ತರುವ ಡೈ ಎಂಬ ಅಚ್ಚು, ಮ್ಯಾಗಜೀನಿನ ಉದ್ದ. ಒಂದು ಅಳತೆ ಬದಲಾದರೆ ಉಳಿದವೆಲ್ಲ ಬದಲಾಗುತ್ತವೆ.

ಇದರಿಂದ ಸಿಕ್ಕಿದ್ದೇನು ಎಂದು ಕೇಳಿದರೆ ಅವರೇ ಪ್ರಾಮಾಣಿಕವಾಗಿ ಲೆಕ್ಕ ಕೊಡುತ್ತಾರೆ. ಒತ್ತಡ ಒಂದೇ ಇದ್ದು ಕೇಸಿನ ಒಳಗಾತ್ರ ಶೇ. 20ರಷ್ಟು ಹಿಗ್ಗಿದರೆ ವೇಗ ಹೆಚ್ಚುವುದು ಶೇ. 5ರಷ್ಟು ಮಾತ್ರ, ನಾಲ್ಕಕ್ಕೆ ಒಂದು ಎಂಬ ಈ ರೂಢಿಯ ಲೆಕ್ಕ ಸ್ಥೂಲವಾಗಿ ನಿಲ್ಲುತ್ತದೆ. ಉಳಿದ ಮದ್ದು ಹಿನ್ನೊದೆತಕ್ಕೂ ಸದ್ದಿಗೂ ನಳಿಗೆಯ ಸವೆತಕ್ಕೂ ಹೋಗುತ್ತದೆ. ಮ್ಯಾಗ್ನಮ್ ಅಲ್ಲದ ಸಾಧಾರಣ .308 ಕಾಡತೂಸಿನ ನಳಿಗೆ ಐದು ಸಾವಿರ ಗುಂಡುಗಳವರೆಗೆ ಗುರಿ ಉಳಿಸಿಕೊಳ್ಳಬಲ್ಲುದಾದರೆ ಇಂಥ ಮ್ಯಾಗ್ನಮಿನ ನಳಿಗೆಯ ಗಂಟಲು ಎರಡು ಸಾವಿರದ ಆಸುಪಾಸಿನಲ್ಲೇ ಸುಟ್ಟು ಬಿರುಕುಬಿಡುತ್ತದೆ. ಆದರೂ ಮೊಂಟಾನಾದ ಬಯಲಿನಲ್ಲಿ, ಹಗಲು ಬೆಳಕಿನಲ್ಲಿ, 400 ಮೀಟರಿನಾಚೆ ನಿಂತ ಎಲ್ಕಿಗೆ ಗುರಿಯಿಡುವವನಿಗೆ ಆ ಶೇ. 5ರ ಬೆಲೆ ಇದೆ. ದೂರ ಹೆಚ್ಚಿದಂತೆ ಗುಂಡಿನ ಇಳಿತ ಮತ್ತು ಅಡ್ಡಗಾಳಿಗೆ ಸರಿಯುವಿಕೆ ವೇಗವಾಗಿ ಬೆಳೆಯುತ್ತವೆ. ಅವನ್ನು ಒಂದು ಗೇಣು ತಗ್ಗಿಸಿದರೂ ಪ್ರಾಣಿ ನರಳದೆ ಬೀಳುತ್ತದೆ.

ಅವರ ದಾಖಲೆ ಪುಸ್ತಕವನ್ನು ನೋಡಿದೆ. ಒಂದು ಪುಟಕ್ಕೆ ಒಂದು ಬದಲಾವಣೆ. ಅಂದಿನ ಉಷ್ಣತೆ, ಗುಂಡಿನ ವೇಗ, ಚೇಂಬರನ್ನು ಮುಚ್ಚುವ ಬೋಲ್ಟ್ ಎತ್ತುವಾಗ ಬಿಗಿಯೆನಿಸಿತೇ, ಪ್ರೈಮರಿನ ಅಂಚು ಚಪ್ಪಟೆಯಾಯಿತೇ, ಕೇಸಿನ ತಳದಲ್ಲಿ ಹೊಳೆಯುವ ಗುರುತು ಬಿತ್ತೇ ಎಂಬ ಟಿಪ್ಪಣಿ. .300 ವಿಂಚೆಸ್ಟರ್ ಮ್ಯಾಗ್ನಮಿಗೆ ಅಮೆರಿಕದ ಪ್ರಮಾಣಸಂಸ್ಥೆ ವಿಧಿಸಿರುವ ಒತ್ತಡದ ಮಿತಿ ಚದರ ಇಂಚಿಗೆ 64,000 ಪೌಂಡು. ಅದು ಹನ್ನೆರಡು ಬೋರಿನ ಸಾಮಾನ್ಯ ಕಾಡತೂಸಿನ ಮಿತಿಯ ಐದು ಪಟ್ಟಿಗೂ ಹೆಚ್ಚು. ಮುಖದಿಂದ ಅರ್ಧ ಅಡಿ ದೂರದಲ್ಲಿ ಅಷ್ಟು ಒತ್ತಡವನ್ನು ಸಾಕುವವನಿಗೆ ಈ ಶಿಸ್ತು ಇರಲೇಬೇಕು. ನವೆಂಬರಿನ ಹಿಮದಲ್ಲಿ ಅಂಚಿನವರೆಗೆ ಏರಿಸಿ ಹದಗೊಳಿಸಿದ ಮದ್ದಿನ ಪ್ರಮಾಣವು ಏಪ್ರಿಲಿನಲ್ಲಿ ಇಲ್ಲಿನ ಪೆರ್ಲದ ಪೇಟೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಜೀಪಿನೊಳಗೆ ಕಾದರೆ ಆ ಅಂಚನ್ನು ದಾಟುತ್ತದೆ ಎಂಬುದನ್ನು ಅವರಿಗೆ ನಾನು ವಿವರಿಸಬೇಕಾಗಿರಲಿಲ್ಲ. ಇಲ್ಲಿಗೆ ಬೇರೆಯೇ ಪ್ರಮಾಣ ಬೇಕು, ಇಲ್ಲಿಯೇ ಪರೀಕ್ಷಿಸಬೇಕು ಎಂದು ಅವರೇ ಹೇಳಿದರು.

ನೆಲದ ಪರಿಶೀಲನೆ

ಕಾಡತೂಸಿನ ವಿನ್ಯಾಸ ಶುರುವಾಗುವುದು ಗುಂಡು ಎಲ್ಲಿಗೆ ಮುಟ್ಟಬೇಕು ಎಂಬ ಪ್ರಶ್ನೆಯಿಂದ. ಈ ಬೈಲಿನಲ್ಲಿ ನಿಂತು ನೋಡಿದರೆ, ಮುಟ್ಟಿದ ಗುಂಡು ಆಮೇಲೆ ಎಲ್ಲಿ ನಿಲ್ಲುತ್ತದೆ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ. ನನ್ನ ಇಡೀ ಅಭಿಪ್ರಾಯ ಇಷ್ಟರ ಮೇಲೆ ನಿಂತಿದೆ.

ತೋಟದ ನಕ್ಷೆಯನ್ನು ಕೈಯಲ್ಲಿ ಹಿಡಿದು ಮೂವರೂ ಸುತ್ತಾಡಿದೆವು. ಹಂದಿಗಳು ದಾಟುವ ಜಾಡುಗಳಲ್ಲಿ ಕೋವಿದಾರ ನಿಲ್ಲಬಹುದಾದ ಯಾವ ಜಾಗದಿಂದಲೂ ಕಣ್ಣಿಗೆ ನಿಲುಕುವ ದೂರ 40 ಮೀಟರಿಗಿಂತ ಹೆಚ್ಚಿಲ್ಲ. ಅಡಿಕೆ ಮರಗಳ ಸಾಲು, ಬಾಳೆಯ ಎಲೆ, ತೋಡಿನ ಬದಿಯ ಮುಂಡುಗ, ಎಲ್ಲ ಅಡ್ಡ. ರಾತ್ರಿ ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಹಂದಿಯ ಕಣ್ಣು ಹೊಳೆಯುವುದು ಸಾಮಾನ್ಯವಾಗಿ 20–25 ಮೀಟರಿನಲ್ಲಿ. ಆ ದೂರದಲ್ಲಿ ಗಾಳಿಯ ಲೆಕ್ಕವಿಲ್ಲ, ಇಳಿತದ ಲೆಕ್ಕವಿಲ್ಲ. ತಮ್ಮನು ವರ್ಷಗಟ್ಟಲೆ ದುಡಿದು ಗಳಿಸಿದ ಶೇ. 5ರಲ್ಲಿ ಒಂದು ಕಾಸೂ ಖರ್ಚಾಗುವುದಿಲ್ಲ. ಇನ್ನು ದೂರದ ಗುರಿಗಾಗಿ ಮಾಡಿದ ತೆಳು ಕವಚದ ಗುಂಡು ನಳಿಗೆಯಿಂದ ಹೊರಟ ವೇಗದಲ್ಲೇ, ಅಂದರೆ ಸೆಕೆಂಡಿಗೆ 900 ಮೀಟರಿನ ಆಸುಪಾಸಿನಲ್ಲಿ, ಗಂಡು ಹಂದಿಯ ಹೆಗಲ ಮೇಲಿನ ದಪ್ಪ ಚರ್ಮಕ್ಕೂ ಎಲುಬಿಗೂ ಬಡಿದರೆ ಒಳಹೋಗುವ ಮೊದಲೇ ಸಿಡಿದು ಚೂರಾಗುವ ಸಂಭವ ಹೆಚ್ಚು. ಗಟ್ಟಿ ಕವಚದ ಗುಂಡು ಹಾಕಿದರೆ ಹಂದಿಯನ್ನು ತೂರಿ ಆಚೆಗೆ ಹೋಗುತ್ತದೆ. ಆಗ ಆಚೆಗೆ ಏನಿದೆ ಎಂಬ ಮಾತು ಬರುತ್ತದೆ.

ಆಚೆಗೆ ಮನೆಗಳಿವೆ. ನಮ್ಮಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಕೇರಿಯಲ್ಲ. ಒಂದೊಂದು ತೋಟಕ್ಕೆ ಒಂದೊಂದು ಮನೆ. ಯಾವ ದಿಕ್ಕಿಗೆ ನಳಿಗೆ ತಿರುಗಿಸಿದರೂ ಮುನ್ನೂರು ನಾನೂರು ಮೀಟರಿನೊಳಗೆ ಒಂದು ಹೆಂಚಿನ ಮಾಡು ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಂದಿಗಳು ಗುಡ್ಡಕ್ಕೆ ಮರಳುವ ಬೆಳಗಿನ ಜಾವದಲ್ಲೇ ರಬ್ಬರ್ ಟ್ಯಾಪಿಂಗಿನವರು ತಲೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ನಡೆಯುತ್ತಿರುತ್ತಾರೆ. ಮ್ಯಾಗ್ನಮ್ ಗುಂಡು ಮೇಲ್ಮುಖವಾಗಿ ಹೊರಟರೆ ನಾಲ್ಕು ಕಿಲೋಮೀಟರ್ ದಾಟಬಲ್ಲುದು. ಅಂದರೆ ಪಕ್ಕದ ಪಂಚಾಯತ್ ಮಾತ್ರವಲ್ಲ, ಪಕ್ಕದ ರಾಜ್ಯವೂ ಅದರ ವ್ಯಾಪ್ತಿಯೊಳಗೆ ಬರುತ್ತದೆ. ಹನ್ನೆರಡು ಬೋರಿನ ಕೋವಿಯಿಂದ ಒಟ್ಟಿಗೆ ಹೊರಡುವ ಚರೆಗಳಿಗಾದರೆ, ಅಂದರೆ ಸೀಸದ ಸಣ್ಣ ಉಂಡೆಗಳಿಗಾದರೆ, ಫ್ರೆಂಚ್ ಅಧಿಕಾರಿ ಜುರ್ನೇ ಕೊಟ್ಟ ಹಳೆಯ ಸೂತ್ರವಿದೆ: ಚರೆಯ ವ್ಯಾಸವನ್ನು ಇಂಚಿನಲ್ಲಿ ತೆಗೆದುಕೊಂಡು 2,200ರಿಂದ ಗುಣಿಸಿದರೆ ಅದು ಹೋಗಬಹುದಾದ ಗರಿಷ್ಠ ದೂರ ಗಜಗಳಲ್ಲಿ ಸಿಗುತ್ತದೆ. ಹಂದಿಗೆ ಬಳಸುವ ಎಲ್.ಜಿ. ಎಂಬ ದಪ್ಪ ಚರೆಯ ವ್ಯಾಸ 0.36 ಇಂಚು; ಹಾಗಾಗಿ ಸುಮಾರು 790 ಗಜ, ಅಂದರೆ 720 ಮೀಟರು. ಇದೂ ಕಡಿಮೆಯಲ್ಲ. ಆದರೆ ಎರಡರ ನಡುವಿನ ಅಂತರ ಐದಾರು ಪಟ್ಟು.

ಮುರಕಲ್ಲಿನ ವಿಚಾರವನ್ನೂ ಹೇಳಬೇಕು. ಮಳೆಗಾಲ ಕಳೆದ ಮೇಲೆ ಬಿಸಿಲಿಗೆ ಒಣಗಿ ಗಟ್ಟಿಯಾದ ಮುರಕಲ್ಲಿನ ಮೇಲೆ ಓರೆಯಾಗಿ ಬಿದ್ದ ಸೀಸದ ಚರೆ ಚಪ್ಪಟೆಯಾಗಿ ಪುಟಿಯುತ್ತದೆ. ತೋಡಿನ ನಿಂತ ನೀರಿನ ಮೇಲೂ ಹಾಗೆಯೇ. ಬೈಲಿನ ಹಸಿ ಮಣ್ಣಿಗೆ ಕಡಿದಾಗಿ ಬಿದ್ದರೆ ಮಾತ್ರ ಹೂತುಹೋಗುತ್ತದೆ. ಗುಂಡಿಗಿಂತ ಅದು ಇಳಿಯುವ ಕೋನ ಇಲ್ಲಿ ಹೆಚ್ಚು ಮುಖ್ಯ ಎಂಬ ನಿರ್ಣಯಕ್ಕೆ ಬಂದದ್ದು ಇದರಿಂದಲೇ.

ಕಾನೂನಿನ ಮಾತು ಸಣ್ಣದು, ಆದರೆ ಪ್ರಸ್ತಾಪಕ್ಕೆ ಅದೊಂದೇ ಸಾಕಾಗಿತ್ತು. ಆಯುಧ ಕಾಯಿದೆ 1959ರ 13ನೇ ಸೆಕ್ಷನ್ ಬೆಳೆ ರಕ್ಷಣೆಗೆಂದು ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಒಳಗೆ ತಿರುಪಿಲ್ಲದ ನುಣುಪು ನಳಿಗೆಯ ಬೇರೆ ಕೋವಿ. ತಿರುಪು ನಳಿಗೆಯ ರೈಫಲಿನ ಮಾತು ಅಲ್ಲಿ ಇಲ್ಲ. ಅದಕ್ಕೆ ಬೇರೆ ಕಾರಣ ತೋರಿಸಿ ಬೇರೆಯೇ ಅರ್ಜಿ ಹಾಕಬೇಕು. ಲೈಸೆನ್ಸಿಲ್ಲದೆ ಕಾಡತೂಸು ತಯಾರಿಸುವುದು 5ನೇ ಸೆಕ್ಷನಿನ ಉಲ್ಲಂಘನೆ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಮೊಂಟಾನಾದ ಗ್ಯಾರೇಜಿನಲ್ಲಿ ರವಿವಾರದ ಹವ್ಯಾಸವಾದದ್ದು ಇಲ್ಲಿನ ಕೊಟ್ಟಿಗೆಯಲ್ಲಿ ಜೈಲಿನ ದಾರಿ. ಇನ್ನು 1972ರ ವನ್ಯಜೀವಿ ಕಾಯಿದೆಯಡಿ ಮೋಜಿನ ಬೇಟೆಯೆಂಬುದು ದೇಶದಲ್ಲಿ ಇಲ್ಲವೇ ಇಲ್ಲ. ಹಂದಿಯನ್ನು ಹೊಡೆಯುವುದು ಆದೇಶ ಸಿಕ್ಕಿದ ಮೇಲೆ, ಆದೇಶದ ಷರತ್ತಿನೊಳಗೆ, ಮಾಂಸವನ್ನು ಮುಟ್ಟದೆ ಹೂಳುವ ಕರಾರಿನ ಮೇಲೆ. ತಮ್ಮ ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಇರುವ ಕೋವಿಯನ್ನಾದರೂ ನೋಡೋಣ ಎಂದರು. ಪ್ರಕರಣ ನಿಜವಾಗಿ ತಿರುಗಿದ್ದು ಅಲ್ಲಿ.

ಹಳೆಯ ಕೋವಿಯ ಚೇಂಬರು

ಕೋವಿ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದದ್ದು. ಅಜ್ಜನೋ ತಂದೆಯೋ ಕಾಫಿ ತೋಟದ ಯಾರಿಂದಲೋ ಕೊಂಡದ್ದೆಂದು ಮನೆಯವರ ನೆನಪು. ಮರದ ಹಿಡಿಗೆ ಪ್ರತಿ ಮಳೆಗಾಲದ ಕೊನೆಗೆ ಎಣ್ಣೆ ತಿಕ್ಕಿ ತಿಕ್ಕಿ ಅದು ಹಲಸಿನ ಬೀಜದ ಬಣ್ಣಕ್ಕೆ ಬಂದಿತ್ತು. ಅಣ್ಣ ಕೋವಿಯನ್ನು ಮಡಚಿ ತೆರೆದು, ಎರಡೂ ನಳಿಗೆ ಖಾಲಿಯೆಂದು ತೋರಿಸಿ, ನಳಿಗೆಗಳನ್ನು ಕಳಚಿ ಮೇಜಿನ ಮೇಲೆ ಮಗುಚಿ ಇಟ್ಟರು. ನಳಿಗೆಯ ಅಡಿಭಾಗದ ಚಪ್ಪಟೆ ಜಾಗದಲ್ಲಿ ನಳಿಗೆಯ ಬಲವನ್ನು ಪರೀಕ್ಷಿಸುವ ಪ್ರೂಫ್ ಹೌಸಿನ ಮುದ್ರೆಗಳಿದ್ದವು. ತಮ್ಮನು ಟಾರ್ಚನ್ನು ಓರೆಯಾಗಿ ಹಿಡಿದು, ಹಳೆಯ ಎಣ್ಣೆಯ ಕಪ್ಪನ್ನು ಬಟ್ಟೆಯಿಂದ ಒರೆಸಿ ಓದಿದರು: 12, ಅದರ ಪಕ್ಕದಲ್ಲಿ ಚೇಂಬರಿನ ಉದ್ದ, ಎರಡೂವರೆ ಇಂಚು.

“ಅಣ್ಣ, ನೀನು ಯಾವ ತೋಟೆ ಹಾಕುತ್ತೀ?” ಎಂದು ಕೇಳಿದರು. ತೋಟೆಯೆಂದರೆ ಕಾಡತೂಸೇ. ಅಣ್ಣ ಒಳಗಿನಿಂದ ಪೆಟ್ಟಿಗೆ ತಂದರು. ಅದರ ಮೇಲೆ 70 ಮಿ.ಮೀ. ಎಂದು ಮುದ್ರಿಸಿತ್ತು.

ಎರಡೂವರೆ ಇಂಚೆಂದರೆ ಸುಮಾರು 65 ಮಿ.ಮೀ. ವ್ಯತ್ಯಾಸ ಅರ್ಧ ಸೆಂಟಿಮೀಟರು. ಇದು ಕಣ್ಣಿಗೆ ಬೀಳದೆ ಉಳಿಯಲು ಕಾರಣವಿದೆ. ಚರೆಯ ಕಾಡತೂಸಿನ ಬಾಯಿಯನ್ನು ನಕ್ಷತ್ರದ ಹಾಗೆ ಮಡಚಿ ಮುಚ್ಚಿರುತ್ತಾರೆ. ಮಡಚಿದಾಗ ಅದರ ಉದ್ದ 60 ಮಿ.ಮೀ.ಗೂ ಕಡಿಮೆ. ಹಾಗಾಗಿ ಅದು ಗಿಡ್ಡ ಚೇಂಬರಿಗೂ ತಕರಾರಿಲ್ಲದೆ ಇಳಿಯುತ್ತದೆ, ಕೋವಿ ಸರಾಗವಾಗಿ ಮುಚ್ಚುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿಕೊಂಡು ಪ್ಲಾಸ್ಟಿಕ್ಕಿನ ಕೊಳವೆ ಪೂರ್ತಿ 70 ಮಿ.ಮೀ.ಗೆ ಚಾಚುತ್ತದೆ, ಚೇಂಬರು ಮುಗಿದು ನಳಿಗೆ ಕಿರಿದಾಗುವ ಜಾಗದಲ್ಲಿ ಅದರ ತುದಿ ಸಿಕ್ಕಿಕೊಂಡು, ಚರೆ ಹೊರಹೋಗುವ ದಾರಿ ಬಿಗಿಯುತ್ತದೆ. ಒತ್ತಡ ಏರುತ್ತದೆ, ಒದೆತ ಏರುತ್ತದೆ. ಅದಲ್ಲದೆ ಇಂದಿನ 70 ಮಿ.ಮೀ. ಕಾಡತೂಸಿನ ಮದ್ದು, ಆ ನಳಿಗೆಯನ್ನು ಪರೀಕ್ಷಿಸಿದ ಕಾಲದ ಪ್ರಮಾಣಕ್ಕಿಂತ ಚುರುಕಾಗಿರಬಹುದು. ಖಾಲಿ ತೋಟೆಗಳನ್ನು ಅಣ್ಣ ಬಿಸಾಡಿರಲಿಲ್ಲ. ಲೆಕ್ಕಕ್ಕೆ ಬೇಕೆಂದು ಡಬ್ಬಿಯಲ್ಲಿ ತುಂಬಿಟ್ಟಿದ್ದರು. ತೆಗೆದು ನೋಡಿದರೆ ಪ್ರತಿಯೊಂದರ ತುದಿಯೂ ಹರಿದು ಎಳೆಎಳೆಯಾಗಿ, ಸುಟ್ಟಂತೆ ಕಪ್ಪಾಗಿತ್ತು. ಈ ಕೋವಿ ಒದೆಯುವುದು ಜಾಸ್ತಿ ಎಂದು ಅಣ್ಣ ಹೇಳುತ್ತ ಬಂದದ್ದೂ, ಒದೆತಕ್ಕೆ ಹೆದರಿ ಕುದುರೆ (ಟ್ರಿಗರ್) ಎಳೆಯುವ ಕ್ಷಣದಲ್ಲಿ ಹೆಗಲು ಹಿಂದೆಗೆಯುವ ಅಭ್ಯಾಸ ಅವರಿಗೆ ಬಂದದ್ದೂ, ಹಂದಿಗಳು ಗಾಯಗೊಂಡು ತಪ್ಪಿಸಿಕೊಂಡದ್ದೂ ಒಂದೇ ಎಳೆಯಲ್ಲಿ ಕೂಡಿಕೊಂಡವು.

ಮ್ಯಾಗ್ನಮ್ ಕಾಡತೂಸಿನ ವಿನ್ಯಾಸಕಾರನಿಗೆ ಮಾತ್ರ ಥಟ್ಟನೆ ಕಾಣುವ ದೋಷ ಇದು. ತನ್ನ ರೈಫಲಿನ ಚೇಂಬರಿನಲ್ಲಿ ಕೂದಲೆಳೆಯ ಅಳತೆಗೆ ತಲೆಕೆಡಿಸಿಕೊಂಡವನಿಗೆ ಐದು ಮಿಲಿಮೀಟರು ಬಂಡೆಯಷ್ಟು ದೊಡ್ಡದು. ಮದ್ದು ಹೆಚ್ಚಿಸಿ ಬಲ ಪಡೆಯುವ ಮಾತನ್ನು ಅವರು ಅಂದೇ ಬಿಟ್ಟರು. ಮೊದಲು ಆಗಬೇಕಾದದ್ದು ಕೋವಿಗೂ ಕಾಡತೂಸಿಗೂ ಹೊಂದಾಣಿಕೆ.

ಮೂರು ದಾರಿಗಳಿದ್ದವು. 65 ಮಿ.ಮೀ. ಕಾಡತೂಸನ್ನೇ ಹುಡುಕಿ ತರುವುದು ಒಂದು. ಬೇಕಾದಾಗ ಸಿಗುವ ಭರವಸೆಯನ್ನು ಅಂಗಡಿಯವರು ಕೊಡಲಿಲ್ಲ. ಚೇಂಬರನ್ನು ಕೊರೆದು ಉದ್ದ ಮಾಡಿಸುವುದು ಎರಡನೆಯದು. ಹಳೆಯ ತೆಳು ನಳಿಗೆಯಲ್ಲಿ ಅತ್ಯಂತ ಒತ್ತಡ ಬೀಳುವ ಜಾಗದ ಗೋಡೆಯನ್ನೇ ಸವೆಸಿದಂತಾಗುವುದರಿಂದ ನಾನೂ ತಮ್ಮನೂ ಒಟ್ಟಾಗಿ ಬೇಡವೆಂದೆವು. ಉಳಿದದ್ದು, ಲೈಸೆನ್ಸಿನಲ್ಲಿ ಬದಲಾವಣೆಯ ಅನುಮತಿ ಪಡೆದು ಹಳೆಯ ಕೋವಿಯನ್ನು ಅಧಿಕೃತ ವ್ಯಾಪಾರಿಗೆ ಒಪ್ಪಿಸಿ, 70 ಮಿ.ಮೀ. ಚೇಂಬರಿನ ಭಾರತೀಯ ಜೋಡುನಳಿಗೆ ಕೋವಿ ಕೊಳ್ಳುವುದು. ಅಪ್ಪನ ಕೋವಿಯೆಂಬ ಮಮತೆಗೆ ಮನೆಯಲ್ಲಿ ಸ್ವಲ್ಪ ದಿನ ಮಾತು ನಡೆಯಿತು. ಕಚೇರಿಯ ಕಡತ ಅದರದೇ ನಿಧಾನದಲ್ಲಿ ಸಾಗಿ ಕೊನೆಗೆ ಅನುಮತಿ ಬಂತು.

ಹೊಸ ಕೋವಿಯ ಪರೀಕ್ಷೆ

ತಮ್ಮನ ಕಾಡತೂಸು ಇಲ್ಲಿಗೆ ಒದಗಲಿಲ್ಲ. ಅವರ ದಾಖಲೆ ಪುಸ್ತಕದ ಕ್ರಮ ಒದಗಿತು. ನುಣುಪು ನಳಿಗೆಯ ಕೋವಿಯನ್ನು ಕೊಂಡು ಅದು ಯಾವ ಚರೆಯನ್ನು ಎಷ್ಟು ದೂರಕ್ಕೆ ಎಷ್ಟು ಹರಡುತ್ತದೆ ಎಂದು ನೋಡುವವರು ನಮ್ಮಲ್ಲಿ ತೀರ ಕಡಿಮೆ. ಅನುಮತಿಯಿರುವ ಒಂದು ಶೂಟಿಂಗ್ ರೇಂಜಿನಲ್ಲಿ, ಲೈಸೆನ್ಸುದಾರರಾದ ಅಣ್ಣನೇ ಹೊಡೆಯುವುದೆಂದೂ ತಮ್ಮನು ಕೋವಿಯನ್ನು ಮುಟ್ಟದೆ ಟೇಪು ಮತ್ತು ಪೆನ್ಸಿಲು ಮಾತ್ರ ಹಿಡಿಯುವುದೆಂದೂ ತೀರ್ಮಾನವಾಯಿತು. ದೊಡ್ಡ ಕಾಗದದ ಮೇಲೆ ಹಂದಿಯ ಎದೆಯ ಅಳತೆಗೆ ವೃತ್ತ ಬರೆದು, 15, 25, 35 ಮೀಟರುಗಳಲ್ಲಿ ನಿಲ್ಲಿಸಿ, ಒಂದು ಬಾರಿಗೆ ಒಂದೇ ಸಂಗತಿಯನ್ನು ಬದಲಿಸುತ್ತ ಹೋದರು: ಮೊದಲು ನಳಿಗೆ, ಆಮೇಲೆ ಚರೆಯ ಅಳತೆ, ಆಮೇಲೆ ದೂರ.

ಪುಣೆಯ ಖಡಕಿಯ ಕಾರ್ಖಾನೆಯಿಂದ ಬರುವ ಶಕ್ತಿಮಾನ್ ಎಲ್.ಜಿ. ಕಾಡತೂಸಿನಲ್ಲಿ ಇರುವುದು ಆರು ಚರೆ. ಆರೇ ಆದ್ದರಿಂದ ಒಂದೆರಡು ಹೊರಬಿದ್ದರೂ ಲೆಕ್ಕ ತಪ್ಪುತ್ತದೆ. ಎಡನಳಿಗೆಯ ತುದಿ ಹೆಚ್ಚು ಕಿರಿದು, ಅಂದರೆ ಫುಲ್ ಚೋಕ್. ಬಲನಳಿಗೆ ಅದಕ್ಕಿಂತ ಸಡಿಲ. ಬಿಗಿಯಾದ ಚೋಕ್ ಚರೆಗಳನ್ನು ಒತ್ತಾಗಿ ಒಯ್ಯುತ್ತದೆ ಎಂಬುದು ಸಾಮಾನ್ಯ ನಂಬಿಕೆ, ಸಣ್ಣ ಚರೆಗೆ ಅದು ನಿಜವೂ ಹೌದು. ಎಲ್.ಜಿ.ಯಂಥ ದೊಡ್ಡ ಚರೆಗಳು ಒಂದು ಮಿಲಿಮೀಟರಿನಷ್ಟು ಕಿರಿದಾದ ಬಾಯಲ್ಲಿ ಒಂದನ್ನೊಂದು ಅದುಮಿ ರೂಪಗೆಟ್ಟು ಚದುರಬಹುದು. ಈ ಕೋವಿಯಲ್ಲಿ ಹಾಗೆಯೇ ಆಯಿತು: 25 ಮೀಟರಿನಲ್ಲಿ ಸಡಿಲ ನಳಿಗೆಯ ಚರೆಗಳು ವೃತ್ತದೊಳಗೆ ಉಳಿದರೆ ಬಿಗಿ ನಳಿಗೆಯವು ಆಚೀಚೆ ಹೋದವು. 35 ಮೀಟರಿನಲ್ಲಿ ಎರಡೂ ನಂಬಲಾಗದಂತಿದ್ದವು. ಬೇರೆ ಕೋವಿಯಲ್ಲಿ ಫಲಿತಾಂಶ ತಿರುಗುಮುರುಗಾಗಬಹುದು. ಪರೀಕ್ಷೆ ಬೇಕಾಗುವುದು ಅದಕ್ಕೇ.

ಚರೆಗಳ ಬದಲು ಒಂದೇ ದಪ್ಪ ಗುಂಡು ಇರುವ ಒಂಟಿ ಗುಂಡಿನ ಕಾಡತೂಸನ್ನು ತಮ್ಮನು ಬಹಳ ಒಲವಿನಿಂದ ಸೂಚಿಸಿದ್ದರು. ಅದರ ಬಲ ಸಾಕಷ್ಟಿದೆ. 28 ಗ್ರಾಂ ಗುಂಡು ಸೆಕೆಂಡಿಗೆ 475 ಮೀಟರಿನಲ್ಲಿ ಹೊರಟರೆ ಸುಮಾರು 3,200 ಜೂಲ್ ಆಗುತ್ತದೆ. ಆದರೆ ಜುರ್ನೇ ಸೂತ್ರದಲ್ಲಿ ಹನ್ನೆರಡು ಬೋರಿನ ದುಂಡು ಗುಂಡಿನ ದೂರ ಒಂದು ಕಿಲೋಮೀಟರ್ ಮೀರುತ್ತದೆ. ಗುರಿಯಿಡಲು ನಳಿಗೆಯ ತುದಿಯಲ್ಲಿ ಮಣಿ ಮಾತ್ರ ಇರುವ, ಹಿಂದಿನ ಗುರಿಕಟ್ಟು ಇಲ್ಲದ ಕೋವಿಯಲ್ಲಿ, ಟಾರ್ಚಿನ ಬೆಳಕಿನಲ್ಲಿ, ಒಂದೇ ಗುಂಡನ್ನು ನೆಚ್ಚುವುದು ಬೇಡವೆಂದು ನಾನು ವಾದಿಸಿದೆ. ಅವರು ಪೂರ್ತಿ ಒಪ್ಪಲಿಲ್ಲ. ಕಡಿದಾದ ಕೋನದಲ್ಲಿ, ಗಾಯಗೊಂಡ ಹಂದಿಗೆ ಹತ್ತಿರದಿಂದ ಕೊಡುವ ಎರಡನೆಯ ಈಡಾಗಿ ಅದನ್ನು ಇಟ್ಟುಕೊಳ್ಳುವುದೆಂಬಲ್ಲಿಗೆ ಮಾತು ನಿಂತಿತು. ಆ ಗುಂಡನ್ನು ಫುಲ್ ಚೋಕಿನಿಂದ ಹೊಡೆಯಬಹುದೆಂದು ತಯಾರಕರು ಹೇಳಿದ್ದರೆ ಮಾತ್ರ ಎಡನಳಿಗೆಗೆ ಹಾಕುವುದು, ಇಲ್ಲವಾದರೆ ಇಲ್ಲ.

ಅಟ್ಟಳಿಗೆ ಮತ್ತು ಗೆರೆ

ಕಾಡತೂಸಿನ ಮಾತು ಇಲ್ಲಿಗೆ ಮುಗಿದರೂ ಗುಂಡು ನಿಲ್ಲುವ ಮಾತು ಉಳಿದಿತ್ತು. ಹಂದಿ ದಾಟುವ ಜಾಡಿನ ಎದುರಿಗೆ, ಬರೆಯ ಅಂಚಿನಲ್ಲಿ ಎರಡು ಕಡೆ ಅಟ್ಟಳಿಗೆ ಕಟ್ಟಿಸಲಾಯಿತು. ಬರೆಯ ಎತ್ತರವೂ ಅಟ್ಟಳಿಗೆಯ ಎತ್ತರವೂ ಸೇರಿ ಎಂಟು ಮೀಟರಿನಷ್ಟಾಗುತ್ತದೆ. 25 ಮೀಟರ್ ದೂರದ ಹಂದಿಗೆ ಹೊಡೆದ ಈಡು ಹದಿನೆಂಟು ಡಿಗ್ರಿಯ ಇಳಿಜಾರಿನಲ್ಲಿ ಹೋಗಿ ಬೈಲಿನ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಹಗಲಿನಲ್ಲೇ ಅಟ್ಟಳಿಗೆಯಲ್ಲಿ ಕುಳಿತು, ಯಾವ ಮರದಿಂದ ಯಾವ ಮರದವರೆಗೆ ಹೊಡೆಯಬಹುದು ಎಂದು ಗುರುತಿಸಿ ಅಡಿಕೆ ಮರಗಳಿಗೆ ಸುಣ್ಣದ ಪಟ್ಟೆ ಬಳಿದರು. ರಾತ್ರಿ ಟಾರ್ಚಿಗೆ ಆ ಬಿಳಿ ಪಟ್ಟೆ ಚೆನ್ನಾಗಿ ಕಾಣುತ್ತದೆ. ಪಟ್ಟೆಯಾಚೆ ಹಂದಿ ಎಷ್ಟೇ ಸುಲಭವಾಗಿ ಸಿಕ್ಕಿದರೂ ಹೊಡೆಯುವ ಹಾಗಿಲ್ಲ. ಗುಡ್ಡದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತ ಹಂದಿಗಂತೂ ಕೋವಿ ಎತ್ತುವ ಹಾಗೆಯೇ ಇಲ್ಲ. ಅಟ್ಟಳಿಗೆ ಏರುವ ರಾತ್ರಿ ವಾರ್ಡಿನ ಸದಸ್ಯರಿಗೂ ರಬ್ಬರಿನ ಟ್ಯಾಪಿಂಗಿನವರಿಗೂ ಮೊದಲೇ ಫೋನ್ ಹೋಗುತ್ತದೆ; ಅವರು ತೋಟಕ್ಕಿಳಿಯುವ ಹೊತ್ತಿಗೆ ಕೋವಿಯಿಂದ ತೋಟೆ ತೆಗೆದಿರುತ್ತದೆ.

ಕಾಡತೂಸುಗಳನ್ನು ಇಡುವ ರೀತಿಯೂ ಬದಲಾಯಿತು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಊರಿನಲ್ಲಿ ಹಿತ್ತಾಳೆಯ ತಳಕ್ಕೆ ಹಸಿರು ಕಿಲುಬು ಬರಲು ಒಂದು ಮಳೆಗಾಲ ಸಾಕು. ಹಿಂದೆ ಅಡುಗೆಮನೆಯ ಅಟ್ಟದಲ್ಲಿ, ಹೊಗೆಯ ಬಿಸಿಗೆ ಬೆಚ್ಚಗಿರಲೆಂದು ಇಡುತ್ತಿದ್ದರಂತೆ. ಮದ್ದಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಈಗ ಬೀಗವಿರುವ ಪೆಟ್ಟಿಗೆ, ಒಳಗೆ ತೇವ ಹೀರುವ ಸಿಲಿಕಾ ಚೀಲ, ಪೆಟ್ಟಿಗೆಯ ಮೇಲೆ ಕೊಂಡ ತಿಂಗಳಿನ ಚೀಟಿ.

ಸದ್ಯದ ಸ್ಥಿತಿ

ಹೊಸ ಕೋವಿ ಬಂದ ಮೇಲೆ ಗಾಯಗೊಂಡು ತಪ್ಪಿಸಿಕೊಂಡ ಹಂದಿಯ ವರದಿ ಈ ತೋಟದಿಂದ ಬಂದಿಲ್ಲ. ಹೊಡೆದ ಹಂದಿಗಳು ಬಿದ್ದಲ್ಲೇ ಬಿದ್ದಿವೆ, ಪಂಚಾಯತಿನ ದಾಖಲೆಗೆ ಸೇರಿವೆ, ಹೂಳಲ್ಪಟ್ಟಿವೆ. ಅಣ್ಣ ಈಗ ಕುದುರೆ ಎಳೆಯುವಾಗ ಹೆಗಲು ಹಿಂದೆಗೆಯುವುದಿಲ್ಲ. ಆದರೆ ಬೆಳೆಹಾನಿ ನಿಂತಿದೆಯೇ ಎಂದು ಕೇಳಿದರೆ, ಇಲ್ಲ. ಒಂದು ಹೆಣ್ಣು ಹಂದಿ ಒಂದೇ ಸೂಲಿಗೆ ನಾಲ್ಕಾರು ಮರಿ ಹಾಕುವ ಪ್ರಾಣಿಯನ್ನು ಎರಡು ಅಟ್ಟಳಿಗೆಯಿಂದ ತಡೆಯುವುದು ಆಗದ ಮಾತು. ಪಕ್ಕದ ಪಾಳು ಗೇರು ತೋಟದ ಪೊದೆಯಲ್ಲಿ ಅವು ಹಗಲು ಮಲಗುವುದು ನಿಲ್ಲುವವರೆಗೆ ಈ ತೋಟಕ್ಕೆ ಬರುವುದೂ ನಿಲ್ಲದು. ಮರಗೆಣಸಿನ ತಟ್ಟುಗಳಿಗೆ ಸೋಲಾರ್ ಬೇಲಿ ಹಾಕಿಸಿದ ನಂತರವೇ ಅಲ್ಲಿ ಗೆಡ್ಡೆ ಮನೆಗೆ ಬರುತ್ತಿರುವುದು. ಎಳೆಯ ಅಡಿಕೆಯ ಭಾಗಕ್ಕೆ ಬೇಲಿ ಎಳೆಯಲು ತೋಡಿನ ಬದಿಯ ನೆರೆಯವರ ಒಪ್ಪಿಗೆ ಬೇಕಾಗಿದ್ದು, ಆ ಮಾತುಕತೆ ಇನ್ನೂ ನಡೆಯುತ್ತಿದೆ.

ತಮ್ಮನು ಮೊಂಟಾನಾಕ್ಕೆ ಮರಳಿದ್ದಾರೆ. ಅಕ್ಟೋಬರಿನ ಕೊನೆಗೆ ಅಲ್ಲಿ ಎಲ್ಕಿನ ರೈಫಲ್ ಬೇಟೆಯ ಕಾಲ ತೆರೆಯುವ ಮೊದಲು ಹೊಸ ನಳಿಗೆಗೆ ಮದ್ದಿನ ಪ್ರಮಾಣ ಗೊತ್ತುಮಾಡಬೇಕಾಗಿದೆಯಂತೆ. ಒಂಟಿ ಗುಂಡಿನ ವಿಷಯದಲ್ಲಿ ನನ್ನ ವಾದ ಅತಿ ಎಚ್ಚರಿಕೆಯದು ಎಂದು ಅವರು ಈಗಲೂ ಬರೆಯುತ್ತಾರೆ. ಮುಂದಿನ ಸಲ ಬಂದಾಗ ಅದನ್ನೊಂದು ಕಾಗದದ ಮೇಲೆ ಹೊಡೆಸಿ ನೋಡುವುದೆಂದು ಅಣ್ಣ ಒಪ್ಪಿದ್ದಾರೆ.